ದುರ್ಗದ ಬಾಯಿ, ಸಿಯೋಲಿನ ಕಿವಿ, ನಡುವೆ ಒಂದು ಇಂಗ್ಲಿಷ್ ಕಾಗದ

ಚಿತ್ರದುರ್ಗ ಜಿಲ್ಲೆಯ ಹಿರಿಯೂರಿನಿಂದ ನೇರ ಮೂಡಣಕ್ಕೆ ಒಂದು ಗೆರೆ ಎಳೆದರೆ ಅದು ಮಡಕಶಿರಾ ದಾಟಿ ಪೆನುಕೊಂಡವನ್ನು ಮುಟ್ಟುತ್ತದೆ. ನೂರು ಕಿಲೋಮೀಟರಿನ ಆಸುಪಾಸು. ತಾಳೀಕೋಟೆಯ ಯುದ್ಧ ಸೋತ ಮೇಲೆ ವಿಜಯನಗರದ ಅರಸರು ಹೋಗಿ ನೆಲೆಸಿದ ಊರದು. ಅದರ ಪಕ್ಕದ ಯರ್ರಮಂಚಿಯಲ್ಲಿ 2019ರಲ್ಲಿ ದಕ್ಷಿಣ ಕೊರಿಯಾದ ಕಿಯಾ ಕಂಪನಿ ಕಾರು ತಯಾರಿಕೆ ಶುರುಮಾಡಿತು. ವರ್ಷಕ್ಕೆ 3 ಲಕ್ಷ ಕಾರು ಹೊರಬರುವಷ್ಟು ದೊಡ್ಡ ಕಾರ್ಖಾನೆ. ಅದರ ಹಿಂದೆ ಬಿಡಿಭಾಗ ಪೂರೈಸುವ ಕೊರಿಯಾದ ಕಂಪನಿಗಳು ಬಂದವು. ಅವುಗಳ ಹಿಂದೆ ಕೊರಿಯಾ ಊಟದ ಹೋಟೆಲು, ಅತಿಥಿಗೃಹ, ಹಂಗುಲ್ ಅಕ್ಷರದ ಬೋರ್ಡು. ಮೂರು ಕಡೆ ಕರ್ನಾಟಕವೇ ಸುತ್ತಿಕೊಂಡಿರುವ ಮಡಕಶಿರಾ ಸೀಮೆಯಲ್ಲಿ, ಅಮರಾಪುರದ ಕಡೆ, ಇವತ್ತಿಗೂ ಕನ್ನಡದ ಮನೆಗಳೇ ಹೆಚ್ಚು. ಅಲ್ಲಿಯ ಹುಡುಗರ ಮಾತಿಗೂ ಹಿರಿಯೂರು ತಾಲ್ಲೂಕಿನ ಧರ್ಮಪುರದವರ ಮಾತಿಗೂ ಅಷ್ಟೇನೂ ದೂರವಿಲ್ಲ.

ಹಾಗಾಗಿ ಐಟಿಐ, ಡಿಪ್ಲೊಮಾ ಮುಗಿಸಿದ ದುರ್ಗದ ಹುಡುಗ ಹುಡುಗಿಯರಿಗೆ ಕೊರಿಯಾ ಈಗ ಟಿವಿ ಧಾರಾವಾಹಿಯ ದೇಶ ಮಾತ್ರವಲ್ಲ, ಒಂದು ದಿನದ ಬಸ್ ಪ್ರಯಾಣದಲ್ಲಿ ಹೋಗಿ ಬರಬಹುದಾದ ಕೆಲಸದ ಜಾಗ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರೌಢಶಾಲೆಯಲ್ಲಿ ಕಲಿಸಬಹುದಾದ ವಿದೇಶಿ ನುಡಿಗಳನ್ನು ಹೆಸರಿಸುವಾಗ ಜಪಾನಿ, ಫ್ರೆಂಚ್, ಜರ್ಮನ್ ಜೊತೆಗೆ ಕೊರಿಯನ್ನನ್ನೂ ಸೇರಿಸಿದೆ. ಆದರೆ ಕೊರಿಯಾದ ಎಂಜಿನಿಯರೂ ನಮ್ಮ ಹುಡುಗನೂ ಎದುರು ಬದುರಾದಾಗ ನಡುವೆ ನಿಲ್ಲುವುದು ಕೊರಿಯನ್ನೂ ಅಲ್ಲ, ತೆಲುಗು ಕನ್ನಡವೂ ಅಲ್ಲ. ಇಬ್ಬರಿಗೂ ತಾಯ್ನುಡಿಯಲ್ಲದ ಇಂಗ್ಲಿಷು. ಅದರಲ್ಲಿಯೇ ಮೇಲ್ ಹೋಗಬೇಕು, ಲೋಡು ತಡವಾಗಿದ್ದಕ್ಕೆ ಕಾರಣ ಬರೆಯಬೇಕು, ರಜೆ ಕೇಳಬೇಕು. ಭಾಷೆ ಕಲಿಸುವ ಬಗ್ಗೆ ನಡೆದ ಅರ್ಧ ಶತಮಾನದ ಸಂಶೋಧನೆಯನ್ನು ಈ ಸಂದರ್ಭಕ್ಕೆ ಒರೆ ಹಚ್ಚಿ ನೋಡಿದರೆ ಒಂದು ಮಾತು ನಿಚ್ಚಳವಾಗುತ್ತದೆ: ಮಗು ಮನೆಯಿಂದ ತರುವ ಉಚ್ಚಾರಣೆ ಒರೆಸಿ ಹಾಕಬೇಕಾದ ಕೊಳೆಯಲ್ಲ. ಅದು ಕಲಿಕೆಯ ಬಂಡವಾಳ. ನಮ್ಮ ತರಗತಿಗಳು ಮಾತ್ರ ಇದನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಮೊದಲು ‘ಹ’ಕಾರದ ಸಂಗತಿ. ದುರ್ಗದ ಸೀಮೆಯಲ್ಲಿ ಹಾಲು ಆಲಾಗುತ್ತದೆ, ಹಳ್ಳಿ ಅಳ್ಳಿಯಾಗುತ್ತದೆ, ಹೋಗುವುದು ವೋಗುವುದಾಗುತ್ತದೆ. ಹಕ್ಕಿಯೂ ಅಕ್ಕಿಯೂ ಒಂದೇ ಆಗಿ, ಆರಿದ್ದು ಯಾವುದು ಬೆಂದಿದ್ದು ಯಾವುದು ಎಂದು ಸಂದರ್ಭ ನೋಡಿ ತಿಳಿಯಬೇಕು. ಶಾಲೆಯಲ್ಲಿ ಇದಕ್ಕೆ ನಗು, ಗದರಿಕೆ, ಕೆಲವೊಮ್ಮೆ ಬೆಂಚಿನ ಮೇಲೆ ನಿಲ್ಲುವ ಶಿಕ್ಷೆ. ಅಂಜಿದ ಮಗು ಎಲ್ಲೆಲ್ಲೂ ‘ಹ’ ಹಚ್ಚಲು ಹೋಗಿ ಆಸ್ಪತ್ರೆಯನ್ನು ಹಾಸ್ಪತ್ರೆ ಮಾಡುತ್ತದೆ, ಆಗ ಇನ್ನೊಂದು ಸುತ್ತು ನಗು. ಆದರೆ ಚರಿತ್ರೆ ನೋಡಿ. ಹಳಗನ್ನಡದ ಪಾಲು ನಡುಗನ್ನಡದಲ್ಲಿ ಹಾಲಾಯಿತು, ಪಕ್ಕಿ ಹಕ್ಕಿಯಾಯಿತು, ಪಳ್ಳಿ ಹಳ್ಳಿಯಾಯಿತು. ತುಟಿ ಮುಚ್ಚಿ ಹೇಳುತ್ತಿದ್ದ ಧ್ವನಿ ಸಡಿಲಗೊಂಡು ಬರೀ ಉಸಿರಾಯಿತು. ದುರ್ಗದ ರೈತನ ಬಾಯಲ್ಲಿ ಆ ಉಸಿರೂ ಬಿದ್ದುಹೋಯಿತು. ಒಂದೇ ಬದಲಾವಣೆಯ ಮುಂದಿನ ಮಜಲು ಇದು. ಪಾಲು ಹಾಲಾದ ಕಾಲದಲ್ಲಿ ಯಾವ ಮೇಷ್ಟ್ರು ಯಾರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರೋ!

ಇಂಗ್ಲಿಷ್ ಕಲಿಕೆಗೆ ಬರೋಣ. ಬೇಡ, ಪೇಟೆ, ಬೇಳೆ ಎಂಬ ಮಾತುಗಳು ದುರ್ಗದವರಿಗೆ ಬ್ಯಾಡ, ಪ್ಯಾಟೆ, ಬ್ಯಾಳೆ. ಮುಂದಿನ ಸ್ವರ ಬಾಯಿ ತೆರೆದು ಹೇಳುವಂಥದ್ದಾದರೆ ಹಿಂದಿನ ‘ಏ’ ಕೂಡ ಅಗಲವಾಗಿ ತೆರೆದುಕೊಳ್ಳುತ್ತದೆ. ಮುಂದೆ ‘ಇ’ ‘ಉ’ ಬಂದರೆ ಬಿಗಿಯಾಗಿಯೇ ಉಳಿಯುತ್ತದೆ. ಅಮೆರಿಕದ ವಿಲಿಯಂ ಬ್ರೈಟ್ 1958ರಲ್ಲಿ ಆಡುಗನ್ನಡದ ವ್ಯಾಕರಣ ಬರೆದ ಕಾಲದಿಂದ ಭಾಷಾವಿಜ್ಞಾನಿಗಳ ಕಣ್ಣಿಗೆ ಬಿದ್ದಿರುವ ನಿಯಮಬದ್ಧ ಸಂಗತಿ ಇದು. ಪುಸ್ತಕದ ಕನ್ನಡಕ್ಕೆ ಈ ಸ್ವರಕ್ಕೊಂದು ಅಕ್ಷರವೇ ಇಲ್ಲ. ಆದರೆ ಬ್ಯಾಂಕ್, ಕ್ಯಾಟ್, ಮ್ಯಾಪ್ ಎನ್ನಲು ಇಂಗ್ಲಿಷಿಗೆ ಬೇಕಾದದ್ದು ಹೆಚ್ಚುಕಡಿಮೆ ಇದೇ ಸ್ವರ. ಅಂದರೆ ‘ಬ್ಯಾಡ ಅನ್ಬ್ಯಾಡ, ಬೇಡ ಅನ್ನು’ ಎಂದು ಕನ್ನಡದ ಪೀರಿಯಡ್ಡಿನಲ್ಲಿ ತಿದ್ದಿಸಿಕೊಂಡ ಮಗು ಮುಂದಿನ ಪೀರಿಯಡ್ಡಿನಲ್ಲಿ ಅದೇ ಸ್ವರವನ್ನು ಇಂಗ್ಲಿಷಿನದೆಂದು ಹೊಸದಾಗಿ ಕಲಿಯಬೇಕಾಗುತ್ತದೆ.

ಪಟ್ಟಣದ ಇಂಗ್ಲಿಷ್ ತರಬೇತಿ ಕೇಂದ್ರಗಳ ಕಥೆ ಬೇರೆ. ಬೆಂಗಳೂರಿನ ಕಾಲ್‌ಸೆಂಟರುಗಳ ಉಬ್ಬರದ ದಿನಗಳಿಂದ ‘ಆಕ್ಸೆಂಟ್’ ಅಳಿಸುವುದೇ ಒಂದು ಧಂದೆ. ಕೆನಡಾದ ಮರ್ರೆ ಮನ್ರೋ ಮತ್ತು ಟ್ರೇಸಿ ಡರ್ವಿಂಗ್ 1995ರಲ್ಲಿ ಪ್ರಕಟಿಸಿದ ಅಧ್ಯಯನ ಈ ಧಂದೆಯ ಬುಡವನ್ನೇ ಅಲ್ಲಾಡಿಸಬೇಕಿತ್ತು. ಒಬ್ಬರ ಮಾತಿನಲ್ಲಿ ಪರಭಾಷೆಯ ಎಳೆತ ಎಷ್ಟಿದೆ ಎಂಬುದೂ, ಕೇಳುವವರಿಗೆ ಆ ಮಾತು ಎಷ್ಟು ಅರ್ಥವಾಯಿತು ಎಂಬುದೂ ಬೇರೆ ಬೇರೆ ಅಳತೆಗಳು ಎಂದು ಅವರು ತೋರಿಸಿದರು. ದಟ್ಟವಾದ ಎಳೆತವಿದ್ದ ಮಾತೂ ಪೂರ್ತಿ ತಿಳಿಯಬಹುದು. 2000ದಲ್ಲಿ ಜೆನ್ನಿಫರ್ ಜೆಂಕಿನ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಂಗ್ಲಿಷ್ ತಾಯ್ನುಡಿಯಲ್ಲದ ಇಬ್ಬರು ಮಾತಾಡಿಕೊಳ್ಳುವಾಗ ಯಾವ ಧ್ವನಿ ತಪ್ಪಿದರೆ ಮಾತು ಕೆಡುತ್ತದೆ, ಯಾವುದು ತಪ್ಪಿದರೂ ನಡೆಯುತ್ತದೆ ಎಂದು ವಿಂಗಡಿಸಿದರು. ನಾಲಿಗೆಯನ್ನು ಹಲ್ಲಿನ ನಡುವೆ ಇಟ್ಟು ಹೇಳಬೇಕಾದ, ಮೇಷ್ಟ್ರುಗಳು ವಾರಗಟ್ಟಲೆ ಕಸರತ್ತು ಮಾಡಿಸುವ ಆ ಧ್ವನಿ ಅವರ ಪಟ್ಟಿಯಲ್ಲಿ ಬಿಟ್ಟರೂ ನಡೆಯುವಂಥದ್ದು. ನಮ್ಮ ‘ತ’ ‘ದ’ಗಳೇ ಸಾಕು. ಬಿಡಬಾರದ್ದು ಎಂದು ಅವರು ಹಿಡಿದವುಗಳಲ್ಲಿ ಒಂದು ಸ್ವರಗಳ ಹ್ರಸ್ವ ದೀರ್ಘ. ಅದು ಕನ್ನಡಿಗರಿಗೆ ಹುಟ್ಟಾ ಬಂದಿದೆ. ಇನ್ನೊಂದು, ಪದದ ಮೊದಲಲ್ಲಿ ಬರುವ ಪ, ಟ, ಕಗಳ ಜೊತೆ ಹೊಮ್ಮುವ ಉಸಿರು. ತೊಡಕು ಇರುವುದು ಇಲ್ಲಿ.

ಉಸಿರು ಎಂದ ಕೂಡಲೇ ಕೊರಿಯನ್ ಭಾಷೆಯ ಬಾಗಿಲಿಗೆ ಬಂದು ನಿಲ್ಲುತ್ತೇವೆ. ಕನ್ನಡದಲ್ಲಿ ಪ, ಬಗಳ ಭೇದ ಗಂಟಲಿನ ಕಂಪನದ್ದು. ಕೊರಿಯನ್ನಿನಲ್ಲಿ ಈ ಭೇದಕ್ಕೆ ಬೆಲೆಯಿಲ್ಲ; ಅಲ್ಲಿರುವುದು ಮೂರು ಬಗೆ: ಸಡಿಲ, ಬಿಗಿ, ಉಸಿರು ತುಂಬಿದ್ದು. ಸಡಿಲ ‘ತಲ್’ ಎಂದರೆ ಚಂದ್ರ, ಗಂಟಲು ಬಿಗಿಹಿಡಿದು ‘ತ್ತಲ್’ ಎಂದರೆ ಮಗಳು, ಉಸಿರು ಬಿಟ್ಟು ‘ಥಲ್’ ಎಂದರೆ ಮುಖವಾಡ. ಆ ಸಡಿಲ ಧ್ವನಿ ಹೊರಗಿನವರ ಕಿವಿಗೆ ಒಮ್ಮೆ ಪ, ಒಮ್ಮೆ ಬ. ಬಂದರು ನಗರದ ಹೆಸರನ್ನು ರೋಮನ್ ಲಿಪಿಯಲ್ಲಿ ಪುಸಾನ್ ಎಂದು ಬರೆಯುತ್ತಿದ್ದವರು 2000ದಲ್ಲಿ ಬುಸಾನ್ ಎಂದು ಬದಲಿಸಿದರು. ಊರಿನವರ ಉಚ್ಚಾರಣೆಯೇನೂ ಬದಲಾಗಲಿಲ್ಲ. ದುರ್ಗದ ಹುಡುಗನ ‘ಪ’ಕಾರದಲ್ಲಿ ಉಸಿರಿಲ್ಲ, ಹಾಗಾಗಿ ಕೊರಿಯನ್ ಕಿವಿಗೆ ಅದು ಬಿಗಿ ಧ್ವನಿಯ ಹತ್ತಿರ ಕೇಳಿಸುತ್ತದೆ. ಬಿಗಿ ಧ್ವನಿ ಇಂಗ್ಲಿಷಿನವರಿಗೆ ಬಲು ಕಷ್ಟದ್ದು, ನಮಗೆ ಅರ್ಧ ದಾರಿ ಆಗಲೇ ಸವೆದಿದೆ. ನಮಗೆ ಕಷ್ಟವಾಗುವುದು ಮೂರನೆಯದು. ಖಾರವನ್ನು ಕಾರ, ಭೂಮಿಯನ್ನು ಬೂಮಿ ಎನ್ನುವ ನಾಲಿಗೆಗೆ ಮಹಾಪ್ರಾಣ ಪುಸ್ತಕದಲ್ಲಿ ಮಾತ್ರ ಇರುವ ಅಕ್ಷರ.

ಎಲ್ಲರಿಗೂ ಅಲ್ಲ ಅನ್ನಿ. ಹೊಳಲ್ಕೆರೆ, ಹೊಸದುರ್ಗ ತಾಲ್ಲೂಕುಗಳ ಲಂಬಾಣಿ ತಾಂಡಾಗಳಿಗೆ ಹೋಗಿ. ಲಂಬಾಣಿ ಇಂಡೋ-ಆರ್ಯನ್ ನುಡಿ. ರೊನಾಲ್ಡ್ ಟ್ರೇಲ್ 1970ರಲ್ಲಿ ಅದರ ವ್ಯಾಕರಣ ಬರೆದಿದ್ದಾರೆ. ಮನೆಗೆ ಘರ್, ಕುದುರೆಗೆ ಘೋಡೋ ಎನ್ನುವ ತಾಂಡಾದ ಮಗುವಿಗೆ ಮಹಾಪ್ರಾಣ ತಾಯಿಯ ಬಾಯಿಂದಲೇ ಬಂದಿದೆ. ಕನ್ನಡ ತರಗತಿಯಲ್ಲಿ ‘ಇವರ ಭಾಷೆ ಬೇರೆ’ ಎಂದು ಹಿಂದಿನ ಬೆಂಚಿಗೆ ಹೋಗುವ ಅದೇ ಮಗು ಕೊರಿಯನ್ನಿನ ಮೂರನೆಯ ಬಗೆಯನ್ನೂ, ಇಂಗ್ಲಿಷಿನ ಉಸಿರಿನ ‘ಪ’ವನ್ನೂ ಮೊದಲ ದಿನವೇ ಎಲ್ಲರಿಗೂ ಹೇಳಿ ತೋರಿಸಬಲ್ಲದು. ಹಾಗೆ ಯಾರಾದರೂ ಕೇಳಬೇಕು, ಅಷ್ಟೆ.

ಇನ್ನೊಂದು ತಮಾಷೆ. ‘ಫ’ ನಮ್ಮ ಹಳ್ಳಿಗರಿಗೆ ಬರುವುದಿಲ್ಲ: ಆಪೀಸು, ಕಾಪಿ, ಪೈಲು. ಕೊರಿಯಾದವರಿಗೂ ಬರುವುದಿಲ್ಲ. ಕಾಫಿ ಅವರಿಗೆ ‘ಖೊಪಿ’, ಫೈಲು ‘ಪಾಇಲ್’. ಬಸ್ ನಮಗೆ ಬಸ್ಸು, ಅವರಿಗೆ ‘ಬೊಸು’. ವ್ಯಂಜನದಲ್ಲಿ ನಿಲ್ಲಲೊಲ್ಲದ ನಾಲಿಗೆ ಇಬ್ಬರದೂ. ಸ್ಕೂಲು ಇಲ್ಲಿ ಇಸ್ಕೂಲು, ಅಲ್ಲಿ ‘ಸುಖುಲ್’. ಹೊಳಲ್ಕೆರೆಯ ‘ಪೈಲು’ ಕೇಳಿ ಲಂಡನ್ನಿನವನು ಹುಬ್ಬು ಗಂಟಿಕ್ಕಬಹುದು, ಪೆನುಕೊಂಡದ ಕೊರಿಯನ್ ಮ್ಯಾನೇಜರಿಗೆ ಅದು ಮನೆಯ ಮಾತಿನಂತೆಯೇ ಕೇಳಿಸೀತು. ಯಾರ ಕಿವಿಗಾಗಿ ಕಲಿಸುತ್ತಿದ್ದೇವೆ ಎಂಬ ಪ್ರಶ್ನೆಯನ್ನು ನಮ್ಮ ಸ್ಪೋಕನ್ ಇಂಗ್ಲಿಷ್ ಪುಸ್ತಕಗಳು ಕೇಳಿಕೊಂಡದ್ದು ನಾನು ಕಂಡಿಲ್ಲ.

ಇಷ್ಟು ಹೋಲಿಕೆ ಕಂಡಾಗ ಎರಡು ಭಾಷೆಗಳಿಗೆ ನಂಟು ಹಚ್ಚುವ ಆಸೆ ಸಹಜ. ಕೊರಿಯಾದಲ್ಲಿದ್ದ ಅಮೆರಿಕದ ಹೋಮರ್ ಹಲ್ಬರ್ಟ್ 1905ರಲ್ಲಿ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನೇ ಬರೆದ. ಕಾಲ್ಡ್‌ವೆಲ್‌ನ ದ್ರಾವಿಡ ವ್ಯಾಕರಣ ಅವನಿಗೆ ಆಧಾರ. ಇವತ್ತಿನ ಭಾಷಾವಿಜ್ಞಾನಿಗಳು ಆ ನಂಟನ್ನು ಒಪ್ಪುವುದಿಲ್ಲ. ಕೊರಿಯಾದಲ್ಲೂ ಅಪ್ಪನಿಗೆ ‘ಅಪ್ಪ’ ಎನ್ನುತ್ತಾರೆಂದು ಮೊಬೈಲಿನಲ್ಲಿ ಓಡಾಡುವ ವಿಡಿಯೋಗಳನ್ನು ನೋಡಿ ನಕ್ಕು ಬಿಡಬೇಕು. ಎಳೆಗೂಸಿನ ತುಟಿಗೆ ಸುಲಭವಾದ ಇಂಥ ಮಾತುಗಳು ಜಗತ್ತಿನ ತುಂಬ ಇವೆ. ಆದರೆ ಕ್ರಿಯಾಪದ ಕೊನೆಗೆ ಬರುವುದು, ಪ್ರತ್ಯಯದ ಮೇಲೆ ಪ್ರತ್ಯಯ ಪೋಣಿಸುವುದು, ಹಿರಿಯರಿಗೊಂದು ಕಿರಿಯರಿಗೊಂದು ಕ್ರಿಯಾರೂಪ, ಇವೆಲ್ಲ ರಕ್ತಸಂಬಂಧ ಇಲ್ಲದೆಯೂ ಕಲಿಯುವವರಿಗೆ ದಕ್ಕುವ ಅನುಕೂಲಗಳು.

ಕೊರಿಯನ್ ಕಲಿಸುವ ಪುಸ್ತಕಗಳು ಒಂದು ವಿಷಯದಲ್ಲಿ ನಮ್ಮ ಪಠ್ಯಪುಸ್ತಕಗಳ ಅಣ್ಣತಮ್ಮಂದಿರೇ. 1988ರ ನಿಯಮದ ಪ್ರಕಾರ ಅಲ್ಲಿ ಶಿಷ್ಟ ಭಾಷೆ ಎಂದರೆ ವಿದ್ಯಾವಂತರು ಬಳಸುವ ಇಂದಿನ ಸಿಯೋಲಿನ ಮಾತು. ಆದರೆ ಹ್ಯುಂಡೈ ಕಂಪನಿಯ ದೊಡ್ಡ ಕಾರ್ಖಾನೆ ಇರುವ ಉಲ್ಸಾನ್, ಉಕ್ಕಿನ ಪೊಹಾಂಗ್, ಬುಸಾನ್, ದೇಗು ಎಲ್ಲವೂ ಆಗ್ನೇಯದ ಗ್ಯೊಂಗ್‌ಸಾಂಗ್ ಸೀಮೆಯವು. ಕಿಯಾದ ಒಂದು ಮುಖ್ಯ ಕಾರ್ಖಾನೆ ಇರುವ ಗ್ವಾಂಗ್‌ಜು ನೈರುತ್ಯದ ಜೊಲ್ಲಾ ಸೀಮೆಯದು. ಸಿಯೋಲಿನ ಮಾತು ಕಲಿತು ಕೆಲಸಕ್ಕೆ ಸೇರಿದವನಿಗೆ ಎದುರಾಗುವವರು ಈ ಸೀಮೆಗಳವರಾದರೆ ಮೈಸೂರಿನಲ್ಲಿ ಕನ್ನಡ ಕಲಿತವನು ಕಲಬುರಗಿಯಲ್ಲಿ ಬಸ್ಸಿಳಿದ ಹಾಗೆ. ಗ್ಯೊಂಗ್‌ಸಾಂಗಿನ ಮಾತಿಗೆ ಏರಿಳಿತದ ಶ್ರುತಿಯಿದೆ. ಕುದುರೆಗೂ ಮಾತಿಗೂ ಧಾನ್ಯ ಅಳೆಯುವ ಮಾಪಿಗೂ ಬರವಣಿಗೆಯಲ್ಲಿ ಒಂದೇ ‘ಮಲ್’. ಅಲ್ಲಿ ಕೊರಳಿನ ಎತ್ತರವೇ ಅವನ್ನು ಬೇರ್ಪಡಿಸುತ್ತದೆ. ಹದಿನೈದನೆಯ ಶತಮಾನದಲ್ಲಿ ಇಡೀ ಕೊರಿಯನ್ನಿಗೇ ಶ್ರುತಿ ಇತ್ತು. 1446ರಲ್ಲಿ ಸೆಜೊಂಗ್ ದೊರೆ ಹಂಗುಲ್ ಲಿಪಿಯನ್ನು ಜಾರಿಗೆ ತಂದಾಗ ಅಕ್ಷರದ ಪಕ್ಕ ಚುಕ್ಕೆಯಿಟ್ಟು ಅದನ್ನು ಗುರುತಿಸುತ್ತಿದ್ದರು. ಸಿಯೋಲು ಕಳೆದುಕೊಂಡದ್ದನ್ನು ಗ್ಯೊಂಗ್‌ಸಾಂಗ್ ಉಳಿಸಿಕೊಂಡಿದೆ. ಮತ್ತೂ ವಿಚಿತ್ರವೆಂದರೆ, ಡೇವಿಡ್ ಸಿಲ್ವಾ 2006ರಲ್ಲಿ ತೋರಿಸಿದಂತೆ, ಸಿಯೋಲಿನ ಯುವಕರ ಬಾಯಲ್ಲಿ ಸಡಿಲ ಧ್ವನಿಗೂ ಉಸಿರಿನ ಧ್ವನಿಗೂ ಉಸಿರಿನ ಅಂತರ ಸವೆಯುತ್ತ ಬಂದು ಶ್ರುತಿಯೇ ಆ ಕೆಲಸ ಮಾಡತೊಡಗಿದೆ. ಶಿಷ್ಟವೆಂದು ಕಟ್ಟಿ ಹಾಕಿದ ಮಾತೂ ಕಟ್ಟಿದ ಗೂಟದಲ್ಲಿ ನಿಲ್ಲುವುದಿಲ್ಲ.

ಗ್ಯೊಂಗ್‌ಸಾಂಗಿನವರಿಗೆ ಬಿಗಿ ‘ಸ್ಸ’ ಹೇಳಲು ಬಾರದು ಎಂದು ಸಿಯೋಲಿನವರು ನಗುತ್ತಾರೆ. ‘ಸ್ಸಲ್’ ಎಂದರೆ ಅಕ್ಕಿ, ಅವರ ಬಾಯಲ್ಲಿ ಅದು ‘ಸಲ್’, ಅಂದರೆ ಮಾಂಸ. ಶಾಲೆಯನ್ನು ಸಾಲೆ, ಶಂಕರನನ್ನು ಸಂಕ್ರ ಎನ್ನುವ ನಮ್ಮವರ ಮೇಲಿನ ನಗೆಗೂ ಇದಕ್ಕೂ ಏನು ವ್ಯತ್ಯಾಸ? ಅಲ್ಲಿ ಈ ನಗೆ ಸಾಕೆನಿಸಿದವರು 2006ರಲ್ಲಿ ಸಾಂವಿಧಾನಿಕ ನ್ಯಾಯಾಲಯಕ್ಕೇ ಹೋದರು. ಪಠ್ಯಪುಸ್ತಕ, ಸರ್ಕಾರಿ ಕಾಗದ ಎಲ್ಲ ಸಿಯೋಲಿನ ಮಾತಿನಲ್ಲೇ ಇರಬೇಕೆನ್ನುವುದು ತಮ್ಮ ಹಕ್ಕಿಗೆ ಧಕ್ಕೆ ಎಂಬ ವಾದ. 2009ರಲ್ಲಿ ತೀರ್ಪು ಅವರಿಗೆ ವಿರುದ್ಧವಾಗಿ ಬಂತು, ಆದರೆ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಇಬ್ಬರು ಭಿನ್ನಮತ ಬರೆದರು. ಮರುವರ್ಷ ಯುನೆಸ್ಕೊ ಕೊರಿಯಾದ ಜೆಜು ದ್ವೀಪದ ನುಡಿಯನ್ನು ತೀವ್ರ ಅಳಿವಿನ ಅಂಚಿನಲ್ಲಿರುವ ಭಾಷೆಗಳ ಪಟ್ಟಿಗೆ ಸೇರಿಸಿತು. ‘ಆಲು’ ಎಂದದ್ದಕ್ಕೆ ನಕ್ಕರೆಂದು ನಮ್ಮಲ್ಲಿ ಯಾರೂ ಕೋರ್ಟಿಗೆ ಹೋಗಿಲ್ಲ. ಹೋಗಬೇಕೆಂದು ನಾನೂ ಹೇಳುತ್ತಿಲ್ಲ, ಕೋರ್ಟುಗಳಿಗೆ ಈಗಿರುವ ಕೆಲಸವೇ ಸಾಕಷ್ಟಿದೆ.

ಬಾಯಿಯ ಮಾತು ಸಾಕು, ಕಾಗದಕ್ಕೆ ಬರೋಣ. ಚಿತ್ರದುರ್ಗ ಜಿಲ್ಲೆಗೆ ಬಂದ ಕಚೇರಿ ಪತ್ರಗಳಲ್ಲಿ ನಮಗೆ ಸಿಕ್ಕಿರುವ ಎಲ್ಲಕ್ಕಿಂತ ಹಳೆಯದು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲಿದೆ. 1892ರಲ್ಲಿ ಬಿ.ಎಲ್. ರೈಸ್ ಪತ್ತೆಮಾಡಿದ ಅಶೋಕನ ಶಾಸನ ಅದು. ಅದನ್ನು ಧರ್ಮೋಪದೇಶವಾಗಿ ಓದುತ್ತೇವೆ, ಪತ್ರವಾಗಿ ಓದುವುದು ಕಡಿಮೆ. ಮೊದಲು ಕಳಿಸಿದವರು ಯಾರು ಎಂದಿದೆ: ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು. ಆಮೇಲೆ ಯಾರಿಗೆ: ಇಸಿಲದ ಮಹಾಮಾತ್ರರಿಗೆ. ಆಮೇಲೆ ಆರೋಗ್ಯದ ವಿಚಾರಣೆ. ಅದಾದ ಮೇಲೆಯೇ ದೇವಾನಾಂಪ್ರಿಯನ ಆಜ್ಞೆ. ಕೊನೆಯಲ್ಲಿ ಬರೆದವನ ರುಜು, ಚಪಡ ಎಂಬ ಲಿಪಿಕಾರನದು. ಲಿಪಿಕಾರ ಎಂಬ ಪದವನ್ನು ಮಾತ್ರ ಅವನು ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ವಾಯವ್ಯದ ಗಾಂಧಾರದ ಕಡೆ ಚಲಾವಣೆಯಲ್ಲಿದ್ದ ಲಿಪಿ ಅದು. ಪರಊರಿನ ಗುಮಾಸ್ತ, ಈ ನೆಲದ್ದಲ್ಲದ ಪ್ರಾಕೃತ ಭಾಷೆ, ಅಧಿಕಾರಿಯಿಂದ ಅಧಿಕಾರಿಗೆ ಹೋದ ಸುತ್ತೋಲೆ: ಇವತ್ತಿನ ಇಂಗ್ಲಿಷ್ ಮೇಲಿಗಿಂತ ಬೇರೇನಿದೆ ಇದರಲ್ಲಿ?

ಇಂಥ ಬರವಣಿಗೆಯ ಒಂದೊಂದು ಹಂತವನ್ನೂ ಬಿಡಿಸಿ ನೋಡುವ ವಿಧಾನವನ್ನು ಜಾನ್ ಸ್ವೇಲ್ಸ್ 1990ರಲ್ಲಿ, ವಿಜಯ್ ಭಾಟಿಯಾ 1993ರಲ್ಲಿ ಪುಸ್ತಕರೂಪದಲ್ಲಿ ಬೆಳೆಸಿದರು. ಸರಕು ಮಾರುವ ಪತ್ರವೂ ಕೆಲಸ ಕೇಳುವ ಅರ್ಜಿಯೂ ಹೊರನೋಟಕ್ಕೆ ಬೇರೆ, ಒಳಗಿನ ನಡೆಗಳಲ್ಲಿ ಒಂದೇ ಎಂದು ಭಾಟಿಯಾ ತೋರಿಸಿದ್ದು ಪ್ರಸಿದ್ಧ. ಎರಡೂ ಓದುವವನನ್ನು ಒಲಿಸಿಕೊಳ್ಳಲು ಹೊರಟವು. ನಮ್ಮ ಮಕ್ಕಳಿಗೆ ಈ ನಡೆಗಳನ್ನು ಯಾರೂ ಬಿಡಿಸಿ ತೋರಿಸುವುದಿಲ್ಲ, ಬಾಯಿಪಾಠ ಮಾಡಿಸುತ್ತಾರೆ. ‘ರೆಸ್ಪೆಕ್ಟೆಡ್ ಸರ್, ವಿತ್ ರೆಫರೆನ್ಸ್ ಟು ದಿ ಅಬೌ ಸಬ್ಜೆಕ್ಟ್’ ಎಂದು ಶುರುವಾಗಿ ‘ಕೈಂಡ್ಲಿ ಡೂ ದ ನೀಡ್‌ಫುಲ್’ ಎಂದು ಮುಗಿಯುವ ಅಚ್ಚು ಬ್ರಿಟಿಷರ ಕಚೇರಿಯದು. ಅದನ್ನೇ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಕನ್ನಡಕ್ಕೆ ತಂದೆವು. ಈಗ ಕನ್ನಡದಲ್ಲಿ ಅರ್ಜಿ ಕಲಿತ ಹುಡುಗ ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ, ಅದು ಇಂಗ್ಲಿಷಿನವರೇ ಬಿಟ್ಟುಬಿಟ್ಟ ಮಾತು ಎಂದು ಗೊತ್ತಿಲ್ಲದೆ ಕಳಿಸುತ್ತಾನೆ.

ಬೇಡಿಕೆ ಎಲ್ಲಿ ಬರಬೇಕು ಎಂಬುದು ಇನ್ನೂ ಆಳದ ಪ್ರಶ್ನೆ. ರಾಬರ್ಟ್ ಕಪ್ಲಾನ್ 1966ರಲ್ಲಿ ಒಂದೊಂದು ಸಂಸ್ಕೃತಿಯವರ ಬರಹಕ್ಕೆ ಒಂದೊಂದು ಗೀಟು ಎಳೆದು ತೋರಿಸಿದ: ಇಂಗ್ಲಿಷಿನವರದು ನೆಟ್ಟಗಿನ ಗೆರೆ, ಪೂರ್ವದೇಶದವರದು ಸುರುಳಿ. ಅದು ಅತಿಸರಳ ಮಾತು, ಆತನೇ ಆಮೇಲೆ ಅದನ್ನು ಸಡಿಲಿಸಿದ. ಆದರೆ ಕೊರಿಯನ್ ಬರಹವನ್ನು ನೋಡಿದ ವಿಲಿಯಂ ಎಗಿಂಗ್ಟನ್ 1987ರಲ್ಲಿ ಅದರ ನಾಲ್ಕು ಹಂತದ ಹಳೆಯ ವಿನ್ಯಾಸವನ್ನು ವಿವರಿಸಿದ: ಶುರು, ಬೆಳೆಸು, ತಿರುವು, ಮುಗಿತಾಯ. ಮುಖ್ಯ ಮಾತು ಬರುವುದು ಕೊನೆಗೆ. ನಮ್ಮ ಮನೆಯ ಕಾಗದವೂ ಹಾಗೆಯೇ. ‘ಇತ್ತ ನಾವು ಕ್ಷೇಮ, ಅತ್ತ ನಿಮ್ಮ ಕ್ಷೇಮ’ ಆಗಬೇಕು, ಮಳೆ ಬೆಳೆ ಆಗಬೇಕು, ಅಜ್ಜಿಯ ಮಂಡಿನೋವು ಆಗಬೇಕು. ಹಣ ಕಳಿಸಿ ಎಂಬುದು ಕೊನೆಯ ಸಾಲಿನಲ್ಲಿ, ಮಡಿಕೆಯ ಅಂಚಿಗೆ. ಪೆನುಕೊಂಡದ ಕೊರಿಯನ್ ಮ್ಯಾನೇಜರಿಗೂ ಹೊಸದುರ್ಗದ ಹುಡುಗಿಗೂ ಈ ಸುತ್ತುದಾರಿ ಒರಟೆನಿಸುವುದಿಲ್ಲ. ಇಬ್ಬರೂ ಕಲಿಯುವ ಬಿಸಿನೆಸ್ ಇಂಗ್ಲಿಷ್ ಪುಸ್ತಕ ಮಾತ್ರ ಮೊದಲ ಸಾಲಿನಲ್ಲೇ ಬೇಡಿಕೆ ಇಡು ಎನ್ನುತ್ತದೆ. ಅಮೆರಿಕದ ಗಿರಾಕಿಗೆ ಬರೆಯುವಾಗ ಆ ಬುದ್ಧಿವಾದ ಸರಿಯೇ. ಕೊರಿಯನ್ನನಿಗೆ ಬರೆಯುವ ಮೇಲಿನಲ್ಲಿ ನಮಸ್ಕಾರ, ತಾನು ಯಾವ ವಿಭಾಗದ ಯಾರು ಎಂಬ ಒಂದು ಸಾಲು, ಆಮೇಲೆ ವಿಷಯ, ಕೊನೆಗೆ ಧನ್ಯವಾದ ಇದ್ದರೆ ಅದು ಅವನಿಗೆ ಪರಿಚಿತ ದಾರಿ. ಓದುವವನು ಯಾರು ಎಂದು ಕೇಳದೆ ಪತ್ರ ಕಲಿಸುವುದು ಮೇಲುವಿಳಾಸವಿಲ್ಲದೆ ಅಂಚೆಗೆ ಹಾಕಿದಂತೆ.

ಇದನ್ನೆಲ್ಲ ಹೇಗೆ ಕಲಿಸುವುದು ಎಂಬುದಕ್ಕೆ ದೂರ ಹೋಗಬೇಕಿಲ್ಲ. ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಬೆಂಗಳೂರಿನಲ್ಲಿ 1963ರಿಂದ ಇದೆ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ ದಕ್ಷಿಣದ ಕೆಲವು ಸಾಮಾನ್ಯ ಶಾಲೆಗಳಲ್ಲಿ ನಡೆದ ಪ್ರಯೋಗ ಜಗತ್ತಿನ ಭಾಷಾಬೋಧನೆಯ ಗ್ರಂಥಗಳಲ್ಲಿ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರಾಗಿದೆ. ವ್ಯಾಕರಣದ ಪಾಠ ಬದಿಗಿಟ್ಟು ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿ, ನಕ್ಷೆ ಇಡುತ್ತಿದ್ದರು. ಯಾವ ರೈಲು ಹತ್ತಿದರೆ ಇಷ್ಟು ಹೊತ್ತಿಗೆ ಮುಟ್ಟಬಹುದು? ಮೊದಲು ಇಡೀ ತರಗತಿ ಮೇಷ್ಟ್ರ ಜೊತೆ ಬಿಡಿಸುವುದು, ಆಮೇಲೆ ಅಂಥದ್ದೇ ಇನ್ನೊಂದನ್ನು ಒಬ್ಬೊಬ್ಬರೇ ಬಿಡಿಸುವುದು. ಮನಸ್ಸು ಉತ್ತರದ ಮೇಲೆ ಇದ್ದಾಗ ಭಾಷೆ ತಾನಾಗಿ ಒಳಗಿಳಿಯುತ್ತದೆ ಎಂಬುದು ಪ್ರಭು ಅವರ ನಂಬಿಕೆ. ಇಂದು ಕೊರಿಯಾ ಸೇರಿದಂತೆ ಎಲ್ಲೆಡೆ ‘ಟಾಸ್ಕ್’ ಆಧಾರಿತ ಬೋಧನೆ ಎಂದು ಚಲಾವಣೆಯಲ್ಲಿರುವುದರ ಒಂದು ಬೇರು ಇಲ್ಲಿಯದು. ಚಿಕ್ಕಜಾಜೂರು ಜಂಕ್ಷನ್ನಿನ ವೇಳಾಪಟ್ಟಿ ಹೊಳಲ್ಕೆರೆ ತಾಲ್ಲೂಕಿನ ಯಾವ ತರಗತಿಗೂ ಸಿದ್ಧ ಪಾಠವಾಗಬಹುದಿತ್ತು. ಕಲಿಸುವವರು ಈಗಲೂ ಗೈಡು ಹಿಡಿದು ಲೀವ್ ಲೆಟರ್ ಬರೆಸುತ್ತಿದ್ದಾರೆ.

ಉಚ್ಚಾರಣೆಗೂ ಹತ್ತಿರದಲ್ಲೇ ಒಂದು ಮಾದರಿ ಇದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಸ್ವಾಮೀಜಿ ಕಟ್ಟಿದ ಶಿವಸಂಚಾರ ತಂಡ 1997ರಿಂದ ನಾಡು ಸುತ್ತುತ್ತಿದೆ. ಬೀದರಿನವರು, ಕೊಪ್ಪಳದವರು, ಚಾಮರಾಜನಗರದವರು ಒಂದೇ ರಂಗದ ಮೇಲೆ ನಿಲ್ಲುವ ತಂಡ. ರಂಗದ ಶಿಸ್ತಿನಲ್ಲಿ ಒಂದು ವಿವೇಕವಿದೆ. ಮಂತ್ರಿಯ ಪಾತ್ರಕ್ಕೆ ‘ಹ’ ಬೇಕಾದರೆ ನಟ ಅದನ್ನು ಕಲಿಯುತ್ತಾನೆ; ಗೌಡನ ಆಳಿನ ಪಾತ್ರ ಬಂದಾಗ ಊರಿನ ‘ಏನ್ಲಾ, ಯಾವಾಗ್ ಬಂದೆ’ ಅವನ ಕೈ ಹಿಡಿಯುತ್ತದೆ. ಒಂದು ಕಲಿಯಲು ಇನ್ನೊಂದನ್ನು ಕೊಲ್ಲಬೇಕಿಲ್ಲ. ಹಿಂದಿಯಲ್ಲೂ ನಾಟಕ ಕಟ್ಟಿ ಹೊರರಾಜ್ಯಗಳಿಗೆ ಒಯ್ದ ತಂಡಕ್ಕೆ ಮಹಾಪ್ರಾಣದ ಅಭ್ಯಾಸ ಹೊಸದೇನಲ್ಲ. ಉಸಿರು ಎಲ್ಲಿ ಬಿಡಬೇಕು, ಎಲ್ಲಿ ಹಿಡಿಯಬೇಕು ಎಂದು ಹೇಳಿಕೊಡಬಲ್ಲ ರಂಗಶಿಕ್ಷಕರು ಅಲ್ಲಿದ್ದಾರೆ. ಹೊಸದುರ್ಗದ ಇಂಗ್ಲಿಷ್ ಮೇಷ್ಟ್ರುಗಳಿಗೆ ತರಬೇತಿ ಕೊಡಿಸಬೇಕಾದರೆ ಜಿಲ್ಲಾ ಶಿಕ್ಷಣ ಇಲಾಖೆ ಮೊದಲು ಬಸ್ಸು ಹತ್ತಿಸಬೇಕಾದದ್ದು ಸಾಣೇಹಳ್ಳಿಗೆ ಎಂದು ನನಗನಿಸುತ್ತದೆ.

ಆ ತರಬೇತಿ ಮುಗಿಸಿ ಬಂದ ಮೇಷ್ಟ್ರ ತರಗತಿಯ ಮೊದಲ ವಾರದ ಕೆಲಸವನ್ನೂ ಹೇಳಿಬಿಡುತ್ತೇನೆ. ಭೀಮಸಮುದ್ರದ ಅಡಿಕೆ ಮಂಡಿಯಿಂದ ಒಂದು ಲೋಡು ಮೂರು ದಿನ ತಡವಾಗಿದೆ ಎಂದಿಟ್ಟುಕೊಳ್ಳಿ. ಗಿರಾಕಿಗೆ ಫೋನಿನಲ್ಲಿ ತಿಳಿಸಬೇಕು, ಆಮೇಲೆ ಬರೆದು ಕಳಿಸಬೇಕು. ಒಮ್ಮೆ ದಾವಣಗೆರೆಯ ಸಾಹುಕಾರನಿಗೆ ಕನ್ನಡದಲ್ಲಿ, ಒಮ್ಮೆ ಬೆಂಗಳೂರಿನ ಕಂಪನಿಗೆ ಇಂಗ್ಲಿಷಿನಲ್ಲಿ, ಒಮ್ಮೆ ಉಲ್ಸಾನಿನವನಿಗೆ, ಅವನ ಹೆಸರನ್ನು ತಪ್ಪಿಲ್ಲದೆ ಹೇಳಿ. ಮೂರು ಪತ್ರಗಳಲ್ಲಿ ಕ್ಷಮೆ ಎಲ್ಲೆಲ್ಲಿ ಬಂತು, ತಲುಪುವ ತಾರೀಖು ಎಲ್ಲೆಲ್ಲಿ ಬಂತು ಎಂದು ಮಕ್ಕಳೇ ಗೆರೆ ಹಾಕಿ ಹೋಲಿಸಲಿ. ಹೆಸರು ಹೇಳಿಕೊಡುವ ಸರದಿ ತಾಂಡಾದ ಹುಡುಗಿಯದಾಗಲಿ. ‘ಬ್ಯಾಂಕ್’ ಎನ್ನುವ ಮಾತು ಬಂದಾಗ ಮೇಷ್ಟ್ರು ‘ಪ್ಯಾಟೆ ಅಂತೀಯಲ್ಲ, ಅಂಗೇ ಅನ್ನಪ್ಪಾ’ ಎನ್ನಲಿ.